ಒಂದು ಅಡ್ಡಗೀಟು

ಅವಳಿಗೆ ಎಡ ಬಲ ತಿಳಿಯುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷವಾದರೂ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ ಮನಸ್ಸಿನಲ್ಲೇ ಪೆನ್ನು ಹಿಡಿದು, ಹಿಡಿದ ಕೈ ಬಲಗೈ, ಉಳಿದದ್ದು ಎಡಗೈ ಎಂದು ಗೊತ್ತು ಮಾಡಿಕೊಂಡು ಆಮೇಲೆ ಹೇಳಬೇಕಿತ್ತು. ಅಷ್ಟರಲ್ಲಿ ಕೇಳಿದವರು ಬೇರೆ ಯಾರನ್ನೋ ಕೇಳಿಕೊಂಡು ಹೋಗಿರುತ್ತಿದ್ದರು.

"ಯಾವ ಕಡೆ ಜಾಸ್ತಿ ಬರ್ತಿದೆ?" ಎಂದು ಯಜಮಾನರು ಎರಡನೇ ಸಲ ಕೇಳಿದರು. ಪ್ರಯೋಗದ ಗುಂಪಿಗೆ ಅವರು ಮುಖ್ಯಸ್ಥರು. ಹಿಂದಿನಿಂದ ಎಲ್ಲರಿಗೂ ಯಜಮಾನರು, ಎದುರಿಗೆ ಸರ್.

"ಕೆಂಪು ಕಡೆ ಸರ್."

"ಕೆಂಪು ಅಂದ್ರೆ?"

ಅವಳ ಬೆರಳುಗಳು ತಾವಾಗಿಯೇ ಇಲ್ಲದ ಪೆನ್ನನ್ನು ಹಿಡಿದವು. "ಎಡ."

ಇಂಥ ಹೊತ್ತಿನಲ್ಲಿ ಕಂಟ್ರೋಲ್ ರೂಮಿನಲ್ಲಿ ಯಾರಾದರೂ ನಗುವುದು ರೂಢಿ. ಇವತ್ತು ಯಾರೂ ನಗಲಿಲ್ಲ.

ಪ್ರಯೋಗ ಹೇಳುವುದಕ್ಕೆ ಸುಲಭ. ಯಂತ್ರದಿಂದ ಪ್ರೋಟಾನುಗಳ ಧಾರೆ ಬರುತ್ತದೆ, ಅದನ್ನು ಬೀಮು ಎನ್ನುತ್ತಾರೆ. ಅದರ ದಾರಿಯಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಬಟ್ಟಲು. ಬಟ್ಟಲಿನಲ್ಲಿ ಹೆಪ್ಪುಗಟ್ಟಿದ ಅಮೋನಿಯದ ಹರಳು, ನೇರಳೆ ಬಣ್ಣ ಹಾಕಿದ ಕಲ್ಲುಪ್ಪಿನಂತೆ. ಆ ಹರಳಿನ ಹೈಡ್ರೋಜನ್ನಿನೊಳಗೆ ಕೂತಿರುವುದೂ ಪ್ರೋಟಾನುಗಳೇ. ಪ್ರತಿಯೊಂದಕ್ಕೂ ಒಂದು ಗಿರಕಿ ಉಂಟು. ಬುಗುರಿಯ ಗಿರಕಿ ನಿಲ್ಲುತ್ತದೆ, ಪ್ರೋಟಾನಿನದು ನಿಲ್ಲುವುದಿಲ್ಲ. ಸುಮ್ಮನೆ ಬಿಟ್ಟರೆ ಒಂದೊಂದರ ಗಿರಕಿ ಒಂದೊಂದು ಕಡೆಗೆ. ಹೀಲಿಯಮ್ಮಿನ ವಿಪರೀತ ಚಳಿ, ದೊಡ್ಡ ಮ್ಯಾಗ್ನೆಟ್ಟು, ಸ್ವಲ್ಪ ಮೈಕ್ರೋವೇವು ಇಷ್ಟು ಕೂಡಿಸಿದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಪ್ರೋಟಾನುಗಳು ಒಂದೇ ದಿಕ್ಕಿಗೆ, ಮೇಲಕ್ಕೋ ಕೆಳಕ್ಕೋ, ತಿರುಗಿ ನಿಲ್ಲುತ್ತವೆ. ಹಾಗೆ ನಿಂತದ್ದಕ್ಕೆ ಬೀಮು ಬಂದು ಹೊಡೆದಾಗ ಸಿಡಿಯುವ ಚೂರುಗಳು ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಎಣಿಸಬೇಕು. ಅಷ್ಟೇ ಕೆಲಸ.

ಎಣಿಸುವ ಎರಡು ಕೌಂಟರುಗಳನ್ನು ಕಟ್ಟಿದವಳು ಅವಳು. ತನ್ನ ಮೇಲೆ ತನಗೇ ಭರವಸೆ ಇಲ್ಲದೆ ಒಂದರ ಕೇಬಲ್ಲುಗಳಿಗೆಲ್ಲ ಕೆಂಪು ಟೇಪು, ಇನ್ನೊಂದರವಕ್ಕೆ ನೀಲಿ ಟೇಪು ಸುತ್ತಿದ್ದಳು. ಈಗ ಗುಂಪಿನಲ್ಲಿ ಎಡ ಬಲ ಎನ್ನುವವರೇ ಇರಲಿಲ್ಲ. ಅವಳ ಹೆಸರೂ ಹೋಗಿ ಕೆಂಪುನೀಲಿ ಉಳಿದಿತ್ತು.

ಬೆಳಿಗ್ಗೆ ತಾತ ಮೈಕ್ರೋವೇವಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ್ದರು. ಗುಂಪಿಗೆಲ್ಲ ಹಿರಿಯರಾದ ತಾತ ಟಾರ್ಗೆಟ್ಟಿನವರು. ಆ ಬಟ್ಟಲು, ಮ್ಯಾಗ್ನೆಟ್ಟು, ಹೀಲಿಯಂ ಎಲ್ಲ ಅವರ ಸುಪರ್ದಿ. ಗುಂಡಿ ಅಷ್ಟು ತಿರುಗಿದರೆ ಸಾಕು, ಒಳಗಿನ ಪ್ರೋಟಾನುಗಳು ನಿಧಾನವಾಗಿ ಒಂದೊಂದೇ ಮಗುಚಿಕೊಂಡು ತಲೆಕೆಳಗಾಗುತ್ತವೆ. ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ತಿರುಗಿದ್ದವು. ಬೇರೆ ಏನನ್ನೂ ಮುಟ್ಟಿರಲಿಲ್ಲ. ಮತ್ತೆ ಬೀಮು ಬಿಟ್ಟಾಗ, ನೂರರಲ್ಲಿ ಐವತ್ತಮೂರು ನೀಲಿಗೆ ಹೋಗುತ್ತಿದ್ದದ್ದು ಈಗ ಐವತ್ತಮೂರು ಕೆಂಪಿಗೆ ಹೋಗತೊಡಗಿತು. ಅವಳು ಪರದೆಯ ಮುಂದೆ ನಿಂತೇ ಇದ್ದಳು. ಕೌಂಟರಿನ ದೋಷವಾದರೆ ಕೌಂಟರಿನ ಜೊತೆಗೇ ಇರಬೇಕಿತ್ತು. ಇದು ಪ್ರೋಟಾನಿನ ಜೊತೆ ತಿರುಗಿತ್ತು. ಯಾರೂ ಎಂದೂ ನೋಡಲಾಗದಷ್ಟು ಚಿಕ್ಕದೊಂದು ವಸ್ತು ತಲೆಕೆಳಗಾಗಿ, ಆ ಸುದ್ದಿ ಎರಡು ಬಣ್ಣದ ತಂತಿಗಳ ಮೂಲಕ ಈ ಕೋಣೆಗೆ ಬಂದಿತ್ತು. ಅವಳ ತೋಳಿನ ಕೂದಲು ನಿಂತಿತ್ತು. ಏಸಿ ಜಾಸ್ತಿಯಾಯಿತೇನೋ ಎಂದು ಯಾರೋ ಎದ್ದು ಕಡಿಮೆ ಮಾಡಿದರು.

ತೊಂದರೆ ಒಂದೇ. ಮೇಲಿನ ಮಹಡಿಯಲ್ಲಿ ಪೆನ್ಸಿಲು ಹಿಡಿದು ಕೂರುವ ಲೆಕ್ಕದಣ್ಣ, ಗಿರಕಿ ಮೇಲಕ್ಕಿದ್ದಾಗ ಬಲಕ್ಕೆ ಹೆಚ್ಚು ಬರಬೇಕು ಎಂದಿದ್ದ. ಬಂದದ್ದು ಎಡಕ್ಕೆ.

"ನೋಡಮ್ಮ," ಎಂದರು ಯಜಮಾನರು, ದನಿ ತಗ್ಗಿಸಿ. "ತಪ್ಪು ತಿಳ್ಕೋಬೇಡ. ಟೇಪು ಸುತ್ತುವಾಗ ಏನಾದ್ರೂ..."

"ಇಲ್ಲ ಸರ್."

"ಆಗಿದ್ರೂ ದೊಡ್ಡ ವಿಷಯ ಅಲ್ಲ. ಉತ್ತರದ ಅಂಕಿ ಮುಂದೆ ಒಂದು ಮೈನಸ್ ಹಾಕಿದ್ರೆ ಮುಗೀತು. ಇನ್ನು ಎಂಟು ದಿನದ ಬೀಮಿದೆ, ಅದನ್ನ ನೀನು ಮೈನಸ್ ಚೂರುಗಳಿಗೆ ಇಟ್ಕೊ. ನಿನ್ನ ಥೀಸಿಸ್ಸೂ ಆಗುತ್ತೆ."

ಇಷ್ಟು ದಿನ ಎಣಿಸಿದ್ದು ಪ್ಲಸ್ ವಿದ್ಯುತ್ತಿನ ಚೂರುಗಳನ್ನು. ಅದು ಇಡೀ ಗುಂಪಿನದು. ಮೈನಸ್ ಚೂರುಗಳು ಎತ್ತ ಹೋಗುತ್ತವೆ ಎಂದು ನೋಡುವ ಎಂಟು ದಿನ ಅವಳೊಬ್ಬಳದು, ಬೇಡಿ ಕಾಡಿ ಪಡೆದದ್ದು. ಅದು ಮುಗಿದ ಮೇಲೆ ಯಂತ್ರವನ್ನು ರಿಪೇರಿಗೆಂದು ಬಿಚ್ಚುತ್ತಾರೆ. ಮತ್ತೆ ಜೋಡಿಸುವುದು ಯಾವಾಗ ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಮೊದಲು ಕೌಂಟರ್ ನೋಡಿಬಿಡೋಣ ಸರ್," ಎಂದಳು.

ಬೀಮು ನಿಲ್ಲಿಸಿ, ಕಾಂಕ್ರೀಟ್ ಗೋಡೆಯ ಬಾಗಿಲು ತೆಗೆಸಿ, ಮೂವರು ಒಳಗೆ ಹೋದರು. ಬೀಮು ಹೋಗುವ ದಿಕ್ಕಿಗೆ ಮುಖ ಮಾಡಿ ಯಜಮಾನರು ನಿಂತರು. ತಾತ ಅವರ ಎಡಗೈಯನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತರು, ಮದುವೆ ಫೋಟೋಕ್ಕೆ ನಿಂತವರ ಹಾಗೆ.

"ಇದು ಎಡ. ನಾವಿಬ್ಬರೂ ಒಪ್ತೀವಿ. ನೀನು ಒಪ್ಪೋದೇನೂ ಬೇಡ," ಎಂದರು ತಾತ.

ಅವಳು ಪರೀಕ್ಷೆಯ ವಿಕಿರಣದ ಬಿಲ್ಲೆಯನ್ನು ಚಿಮ್ಮಟದಲ್ಲಿ ಹಿಡಿದು ತಾತನ ಕಡೆಯ ಕೌಂಟರಿನ ಮುಂದೆ ಇಟ್ಟಳು. ಹೊರಗಿನಿಂದ ಮೈಕಿನಲ್ಲಿ ಕೂಗಿದರು: "ಕೆಂಪು ಓಡ್ತಿದೆ! ನೀಲಿ ಸುಮ್ಮನಿದೆ!" ಅವಳ ಕೆಂಪು ಎಡವೇ ಆಗಿತ್ತು. ಯಜಮಾನರು ತಾತನ ಕೈ ಬಿಟ್ಟು, ಅವಳ ಬೆನ್ನು ತಟ್ಟಿದರು. ಎಡ ಬಲ ಸರಿಯಿದ್ದರೆ ಉಳಿಯುವುದು ಮೇಲೆ ಕೆಳಗೆ. ಮೇಲೆ ಕೆಳಗೆ ಗೊತ್ತಾಗುವುದು ಮ್ಯಾಗ್ನೆಟ್ಟಿನ ದಿಕ್ಕಿನಿಂದ, ಅದು ತಾತನದು. ತಾತನನ್ನು ಕೇಳುವ ಪದ್ಧತಿ ಆ ಕಟ್ಟಡದಲ್ಲಿ ಇರಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಅಕ್ಕ ಆಗಲೇ ಬಂದು, ಕಾಲು ಕುರ್ಚಿಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಊರಿಗೆಲ್ಲ ಕಲಿಸಿದವಳು ತಂಗಿಗೆ ಮಾತ್ರ ಕಲಿಸುವುದಿಲ್ಲ ಎಂದು ಹಟ ಹಿಡಿದಿದ್ದಳು.

"ಏನೇ, ಮುಖ ಹೀಗ್ಯಾಕೆ? ಮತ್ತೆ ತಪ್ಪು ಬಸ್ ಹತ್ತಿದ್ಯಾ?"

"ಇಲ್ಲ ಕಣೆ." ನಡೆದದ್ದನ್ನೆಲ್ಲ ಹೇಳಿದಳು.

"ಎಡಕ್ಕಾದ್ರೇನು, ಬಲಕ್ಕಾದ್ರೇನು? ಪ್ರೋಟಾನಿಗೇನು ಲೈಸೆನ್ಸ್ ಕೊಡ್ತೀರಾ?"

"ಅದರೊಳಗೆ ಕ್ವಾರ್ಕು ಅಂತ ಇವೆ, ಗೊತ್ತಲ್ಲ? ಮೂರು. ಪ್ರೋಟಾನಿನ ಗಿರಕಿ ಅಂದ್ರೆ ಆ ಮೂರರ ಗಿರಕಿ ಕೂಡಿಸಿದ್ದು ಅಂತ ಎಲ್ಲರೂ ತಿಳ್ಕೊಂಡಿದ್ರು. ಅಳೆದು ನೋಡಿದ್ರೆ, ಕ್ವಾರ್ಕುಗಳದ್ದೆಲ್ಲ ಸೇರಿ ಮೂರರಲ್ಲೊಂದು ಪಾಲು ಬಂದ್ರೆ ಹೆಚ್ಚು."

"ಉಳಿದದ್ದು?"

"ಅದೇ. ಉಳಿದದ್ದು ಎಲ್ಲಿಂದ ಬರುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಅವನ್ನ ಹಿಡಿದಿಟ್ಟ ಅಂಟಿನಿಂದ ಸ್ವಲ್ಪ. ಇನ್ನು ಅವು ಒಳಗೆ ಸುತ್ತು ಹೊಡೀತಾ ಇದ್ರೆ ಅದರಿಂದ ಸ್ವಲ್ಪ. ಸುತ್ತು ಹೊಡೀತಿದ್ರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಬರುತ್ತೆ."

ಅಕ್ಕ ಕಾಲು ಕೆಳಗಿಳಿಸಿದಳು. ಮೇಜಿನ ಮೇಲೆ ತಟ್ಟೆಯೊಂದನ್ನು ನಡುವೆ ಎಳೆದು ಅದರ ಸುತ್ತ ಬೆರಳು ಆಡಿಸಿದಳು. "ದೊಡ್ಡ ಸರ್ಕಲ್ ಇದ್ದ ಹಾಗೆ. ನೀನು ನೇರ ಬರ್ತಿದೀಯ. ಒಂದು ಮಗ್ಗುಲಲ್ಲಿ ಗಾಡಿಗಳು ನಿನ್ನ ಮೇಲೇ ಬರ್ತವೆ. ಇನ್ನೊಂದು ಮಗ್ಗುಲಲ್ಲಿ ನಿನ್ನಿಂದ ದೂರ ಹೋಗ್ತವೆ. ಯಾವ ಕಡೆ ಗುದ್ದಿದ್ರೆ ಎಷ್ಟು ಚೂರು ಅಂತ ನೋಡಿದ್ರೆ, ಸರ್ಕಲ್ ಕಣ್ಣಿಗೆ ಕಾಣದಿದ್ರೂ ಟ್ರಾಫಿಕ್ ಯಾವ ದಿಕ್ಕಿಗೆ ಸುತ್ತುತ್ತೆ ಅಂತ ಗೊತ್ತಾಗುತ್ತೆ."

"ಹೆಚ್ಚು ಕಡಿಮೆ ಹಾಗೇ."

"ಇದರೊಳಗೂನಾ?" ಅಕ್ಕ ತಟ್ಟೆಯ ಅಂಚನ್ನು ಉಗುರಿನಿಂದ ಕುಟ್ಟಿದಳು. "ಈ ತಟ್ಟೆ, ಈ ಮೇಜು, ನಾನು? ಎಲ್ಲದರೊಳಗೂ ಈಗ ಸುತ್ತುತಾ ಇದೆಯಾ?"

"ಇದೆ. ಒಂದು ಕ್ಷಣನೂ ನಿಂತಿಲ್ಲ."

ಅಕ್ಕ ತನ್ನ ಅಂಗೈಯನ್ನು ಮಗುಚಿ ನೋಡಿಕೊಂಡಳು. ದಿನವಿಡೀ ಬೇರೆಯವರ ಸ್ಟಿಯರಿಂಗ್ ಎಳೆದು ಎಳೆದು ಗಟ್ಟಿಯಾದ ಕೈ. ಆಮೇಲೆ, "ಹಾಗಾದ್ರೆ ದಿಕ್ಕು ಸರಿ ಹೇಳ್ಬೇಕಲ್ಲೇ. ನಿನ್ನನ್ನ ಕೇಳಿದ್ರು ತಾನೇ, ಆ ತಾತನ್ನೂ ಕೇಳು. ವಯಸ್ಸಾಗಿದೆ ಅಂತ ಬ್ರೇಕ್ ಪರೀಕ್ಷೆ ಮಾಡೋದು ಬಿಡ್ತಾರಾ?" ಎಂದಳು.

ಮರುದಿನ ಬೆಳಿಗ್ಗೆ ತಾತ ತಮ್ಮ ಕೋಣೆಯಲ್ಲಿ ಹೀಲಿಯಮ್ಮಿನ ಮಟ್ಟ ನೋಡುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ತಾತ ತಿರುಗಲಿಲ್ಲ.

"ನಾನು ಈ ಕೆಲಸ ಶುರು ಮಾಡಿದಾಗ ನೀನಿನ್ನೂ ಹುಟ್ಟಿರಲಿಲ್ಲ, ಮಗು."

"ಗೊತ್ತು ತಾತ. ಮ್ಯಾಗ್ನೆಟ್ ಮುಚ್ಚೋ ಮುಂಚೆ ದಿಕ್ಕು ಹೇಗೆ ನೋಡಿದ್ರಿ ಅಂತ ಅಷ್ಟೇ."

"ಯಾವಾಗಲೂ ನೋಡೋ ಹಾಗೆ." ಡ್ರಾಯರಿನಿಂದ ಹಿತ್ತಾಳೆಯ ದಿಕ್ಸೂಚಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ದಿಕ್ಕು ಅಳೆಯೋ ನಿಮ್ಮ ಪ್ರೋಬುಗಳನ್ನ ನಾನು ನಂಬಲ್ಲ. ಯಾರೋ ತಂತಿ ಅದಲು ಬದಲು ಮಾಡಿದ್ರೆ ಪ್ಲಸ್ ಇದ್ದದ್ದು ಮೈನಸ್. ಸೂಜಿಗೆ ತಂತಿ ಇಲ್ಲ. ಸ್ವಲ್ಪ ಕರೆಂಟು ಬಿಟ್ಟು, ಮ್ಯಾಗ್ನೆಟ್ಟಿನ ಬಾಯಿಯ ಹತ್ತಿರ ಇದನ್ನ ನಿಲ್ಲಿಸಿ ಹಿಡಿದೆ. ಕೆಂಪು ಮೊನೆ ಮೇಲಕ್ಕೆ ನಿಂತಿತು. ಬರ್ಕೊಂಡೆ."

ಅವಳು ದಿಕ್ಸೂಚಿಯನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ಎಲ್ಲ ಕಡೆ ಕಬ್ಬಿಣ, ಸೂಜಿ ಎತ್ತ ತೋರಿಸಿದರೂ ಅರ್ಥವಿರಲಿಲ್ಲ. "ಹೊರಗೆ ಹೋಗಿ ಬರೋಣವಾ?" ಎಂದಳು.

ಕಟ್ಟಡದ ಹಿಂದೆ, ಸೈಕಲ್ ನಿಲ್ಲಿಸುವ ಜಾಗ ದಾಟಿದರೆ ಖಾಲಿ ಬಯಲು. ಸೂರ್ಯ ಇನ್ನೂ ಮರದೆತ್ತರದಲ್ಲಿದ್ದ. ತಾತ ಅಂಗೈ ಮೇಲೆ ದಿಕ್ಸೂಚಿ ಇಟ್ಟುಕೊಂಡು ನಿಂತರು.

"ಸೂರ್ಯ ಅಲ್ಲಿ. ಅಂದ್ರೆ ಅದು ಪೂರ್ವ. ಉತ್ತರ ಯಾವ ಕಡೆ ಹೇಳು."

"ನನ್ನ ಕೇಳ್ಬೇಡಿ."

ತಾತನಿಗೆ ನಗು ಬಂತು. ಪೂರ್ವಕ್ಕೆ ಮುಖ ಮಾಡಿ ಎಡಗೈ ಚಾಚಿದರು. ಚಾಚಿದ ಕೈ ನೀರಿನ ಟ್ಯಾಂಕಿನ ಕಡೆಗಿತ್ತು. ಆಮೇಲೆ ಇನ್ನೊಂದು ಕೈಯಲ್ಲಿದ್ದ ಸೂಜಿಯನ್ನು ನೋಡಿದರು. ಕೆಂಪು ಮೊನೆ ಟ್ಯಾಂಕಿಗೆ ಬೆನ್ನು ಹಾಕಿತ್ತು.

ಡಬ್ಬಿಯನ್ನು ತಟ್ಟಿದರು. ಒಂದು ಸುತ್ತು ತಿರುಗಿ ನಿಂತರು. ಹತ್ತು ಹೆಜ್ಜೆ ಆಚೆ ಹೋಗಿ ನೆಲದ ಮೇಲಿಟ್ಟು ನೋಡಿದರು. ಸೂಜಿ ಸ್ವಲ್ಪ ತೂಗಾಡಿ, ಒಂದಿಷ್ಟೂ ಅನುಮಾನವಿಲ್ಲದೆ, ಪ್ರತಿ ಸಲವೂ ದಕ್ಷಿಣಕ್ಕೇ ಬಂದು ನಿಂತಿತು.

ಅವಳು ಕುಕ್ಕರುಗಾಲಿನಲ್ಲಿ ಅದರ ಪಕ್ಕ ಕೂತಳು. ಎಂದೋ ನಿಂತ ಹಾಗಿದ್ದಾಗ ಸೂಜಿ ಗಾಜಿಗೆ ತಗುಲಿ ಸಿಕ್ಕಿಕೊಂಡಿರಬೇಕು. ತಿರುಗಲಾಗದ ಸೂಜಿಯನ್ನು ಆ ದೈತ್ಯ ಮ್ಯಾಗ್ನೆಟ್ಟು ಇದ್ದ ಜಾಗದಲ್ಲೇ, ಒಳಗಿನಿಂದ, ಉತ್ತರವನ್ನು ದಕ್ಷಿಣ ಮಾಡಿ ಬಿಟ್ಟಿದೆ. ಹೊರಗೆ ಗೀರಿಲ್ಲ, ಬಣ್ಣ ಮಾಸಿಲ್ಲ. ಕಬ್ಬಿಣದ ಚೂರೊಂದು ತನ್ನ ಇಡೀ ಭೂಮಿಯನ್ನು ಮಗುಚಿಕೊಂಡು ಡ್ರಾಯರಿನಲ್ಲಿ ತಣ್ಣಗೆ ಮಲಗಿತ್ತು. ಅವಳಿಗೆ ತಾತನ ಮೇಲೆ ಸಿಟ್ಟು ಬರಲಿಲ್ಲ. ಬಾಯಿ ತೆರೆದುಕೊಂಡು ಸೂಜಿಯನ್ನೇ ನೋಡುತ್ತಿದ್ದಳು.

"ಯಾವಾಗ ಆಗಿರಬಹುದು ತಾತ?"

"ಅದೇ ಗೊತ್ತಿಲ್ಲ." ತಾತ ಸೊಂಟ ಹಿಡಿದು ಎದ್ದರು. "ದಿಕ್ಕು ನೋಡೋ ಮುಂಚೆನೇ ಆಗಿದ್ರೆ ನಾನು ಬರ್ಕೊಂಡದ್ದು ಉಲ್ಟಾ. ಆಮೇಲೂ ಒಂದೆರಡು ಸಲ ಇದನ್ನ ಜೇಬಲ್ಲಿಟ್ಕೊಂಡು ಹತ್ತಿರ ಹೋಗಿದ್ದೀನಿ. ಆಗ ಆಗಿದ್ರೆ ಬರ್ಕೊಂಡದ್ದು ಸರಿ." "ಜೇಬಲ್ಲಿಟ್ಕೊಂಡು," ಎಂದು ಇನ್ನೊಮ್ಮೆ ತಮಗೇ ಹೇಳಿಕೊಂಡರು.

ಯಜಮಾನರು ಕೇಳಿ ಖುಷಿಯಾದರು. "ಮುಗೀತಲ್ಲ! ಸೂಜಿ ಉಲ್ಟಾ, ಮ್ಯಾಗ್ನೆಟ್ ಉಲ್ಟಾ, ಲೆಕ್ಕ ಸರಿ. ಮೈನಸ್ ಹಾಕಿ, ಮುಂದೆ ಹೋಗೋಣ."

"ಮ್ಯಾಗ್ನೆಟ್ ಉಲ್ಟಾ ಅಂತ ನಾನು ಹೇಳಲಿಲ್ಲ. ಗೊತ್ತಿಲ್ಲ ಅಂದೆ," ಎಂದರು ತಾತ.

"ಹಾಗಾದ್ರೆ ಹೊರಗಿಂದ ಅಳೀರಿ."

"ಸುತ್ತ ಕಬ್ಬಿಣದ ಕವಚ. ಹೊರಗಡೆ ಒಂದೊಂದು ಜಾಗದಲ್ಲಿ ಒಂದೊಂದು ತೋರಿಸುತ್ತೆ. ಬಟ್ಟಲು ತೆಗೆದು ಆ ಜಾಗದಲ್ಲೇ ಪ್ರೋಬು ಇಟ್ಟು ನೋಡ್ಬೇಕು. ಅಂದ್ರೆ ಮ್ಯಾಗ್ನೆಟ್ಟಿನ ಕರೆಂಟು ಇಳಿಸ್ಬೇಕು. ಇಳಿಸಿದ್ರೆ ಪ್ರೋಟಾನುಗಳೆಲ್ಲ ಚೆದುರಿಹೋಗ್ತವೆ. ಉಳಿದಿರೋ ಹೀಲಿಯಮ್ಮು ದಿಕ್ಕು ನೋಡೋಕೆ ಸಾಕು. ಮತ್ತೆ ಎಲ್ಲ ತಣ್ಣಗೆ ಮಾಡಿ ನಿಲ್ಲಿಸೋಕೆ ಸಾಲದು. ಎಂಟು ದಿನ ಓಡಿಸಿದ ಮೇಲೆ ನೋಡೋಣ ಅಂದ್ರೆ ಅಷ್ಟೊತ್ತಿಗೆ ಹೀಲಿಯಮ್ಮೂ ಇರಲ್ಲ, ತಂತಿನೂ ಬಿಚ್ಚಿರ್ತಾರೆ."

ಎಲ್ಲರೂ ಅವಳನ್ನು ನೋಡಿದರು. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ. "ಆ ಎಂಟು ದಿನ ನಿಂದು. ನಾನು ಇಳಿಸಿ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ನೀನೇ ಹೇಳಮ್ಮ. ಆದ್ರೆ ಒಂದು ಮಾತು, ನೂರಕ್ಕೆ ತೊಂಬತ್ತು ಮೈನಸ್ಸೇ."

ಅವಳು ಮೆಟ್ಟಿಲು ಹತ್ತಿ ಮೇಲೆ ಹೋದಳು. ಲೆಕ್ಕದಣ್ಣ ಕಿಟಕಿಯ ಪಕ್ಕ ಕೂತು ಪೆನ್ಸಿಲು ಚೂಪು ಮಾಡುತ್ತಿದ್ದ. ಎಲ್ಲ ಕೇಳಿಸಿಕೊಂಡು, ಚೂಪು ಮಾಡುವುದನ್ನು ನಿಲ್ಲಿಸಿದ.

"ಅಣ್ಣ, ನಿಮ್ಮ ಲೆಕ್ಕ ಎಷ್ಟು ಗಟ್ಟಿ?"

"ಕ್ವಾರ್ಕುಗಳು ಹೀಗೆ ಸುತ್ತುತ್ತವೆ ಅಂತ ಒಂದು ಕಡೆ ಊಹೆ ಮಾಡಿದ್ದೀನಿ. ಊಹೆ ಅಷ್ಟೆ. ಅಲ್ಲಿ ಹಾಗಲ್ಲ ಹೀಗೆ ಅಂದ್ಕೊಂಡ್ರೆ ಬಲ ಹೋಗಿ ಎಡ ಆಗುತ್ತೆ." ಪೆನ್ಸಿಲಿನ ತುದಿ ಊದಿದ. "ನೋಡು, ನನ್ನ ಲೆಕ್ಕ ನೋಡ್ಕೊಂಡು ನೀವು ಮೈನಸ್ ಹಾಕ್ತೀರಿ. ನಿಮ್ಮ ಮೈನಸ್ ನೋಡ್ಕೊಂಡು ನಾನು, ಆಹಾ ನನ್ನ ಲೆಕ್ಕ ಸರಿ ಅಂತೀನಿ. ಚೆನ್ನಾಗಿರುತ್ತೆ. ಪ್ರೋಟಾನನ್ನ ಮಾತ್ರ ಯಾರೂ ಕೇಳಿರಲ್ಲ."

ಅವಳು ಕಿಟಕಿಯ ಹೊರಗೆ ನೋಡಿದಳು. ಮೈನಸ್ ಚೂರುಗಳು ನೀಲಿಗೆ ಹೋಗುತ್ತವೋ ಕೆಂಪಿಗೋ ಎಂದು ತಿಳಿಯುವ ಆಸೆ ಅವಳಿಗೆ ಹಸಿವಿನ ಹಾಗಿತ್ತು. ದಿನಾ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಅದೇ ಯೋಚನೆ. ಎಂಟು ದಿನ ಎಣಿಸಿದರೆ ತಿಳಿಯುತ್ತಿತ್ತು. ಆದರೆ ಯಾವುದು ಮೇಲೆ ಎಂದು ಗೊತ್ತಿಲ್ಲದೆ ಎಣಿಸಿದರೆ ತಿಳಿದದ್ದು ಏನು? ಕೆಳಗಿಳಿದು ಬಂದಳು.

"ಇಳಿಸಿ, ತಾತ."

ಮ್ಯಾಗ್ನೆಟ್ಟು ಇಳಿಯಲು ಸದ್ದೇನೂ ಇಲ್ಲ. ಮೀಟರಿನ ಅಂಕಿ ಇಳಿಯುತ್ತದೆ, ಅಷ್ಟೇ. ಪಕ್ಕದ ಪರದೆಯಲ್ಲಿ ಎಂಬತ್ತೆರಡು ಎಂದಿತ್ತು. ನೂರು ಪ್ರೋಟಾನಿಗೆ ಎಷ್ಟರ ಮಟ್ಟಿಗೆ ಒಂದೇ ಕಡೆ ನಿಂತಿವೆ ಎನ್ನುವ ಅಳತೆ ಅದು. ಕೊನೆಯವರೆಗೂ ಹಟದಿಂದ ನಿಂತಿದ್ದು, ಮ್ಯಾಗ್ನೆಟ್ಟಿನ ಬಲ ಪೂರ್ತಿ ಹೋಗುತ್ತಿದ್ದಂತೆ ಒಮ್ಮೆಲೇ ಜಾರಿತು. ಅರವತ್ತು, ಮೂವತ್ತು, ಹನ್ನೊಂದು. ಆಮೇಲೆ ಸೊನ್ನೆಯ ಆಚೀಚೆ ಸುಮ್ಮನೆ ಅಲುಗುತ್ತಿತ್ತು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಯಾರು ಮೊದಲು ಎದ್ದರೋ ತಿಳಿಯಲಿಲ್ಲ.

ಬಟ್ಟಲು ಹೊರಬಂತು. ಪಕ್ಕದ ಗುಂಪಿನಿಂದ ತಂದ ಪ್ರೋಬನ್ನು ತಾತ ಮೊದಲು ದಿಕ್ಕು ಗೊತ್ತಿದ್ದ ಅಯಸ್ಕಾಂತದ ಮುಂದೆ ಹಿಡಿದರು. ತಿರುಗಿಸಿ ಹಿಡಿದರು. ಅವಳಿಗೂ ಕೊಟ್ಟು ಹಿಡಿಸಿದರು. ಮೇಲಕ್ಕಾದರೆ ಬರೀ ಅಂಕಿ, ಕೆಳಕ್ಕಾದರೆ ಅಂಕಿಯ ಮುಂದೆ ಅಡ್ಡಗೀಟು. ಆಮೇಲೆ ಬಟ್ಟಲಿದ್ದ ಜಾಗಕ್ಕೆ ಅದನ್ನು ಇಳಿಸಿ, ಮುಂಚಿನ ತಂತಿಗಳಲ್ಲೇ ಚೂರು ಕರೆಂಟು ಬಿಟ್ಟರು.

ಅಡ್ಡಗೀಟು ಬಂತು.

"ತಪ್ಪು ನಂದೇ," ಎಂದರು ತಾತ. ಕೈ ಇನ್ನೂ ಗುಂಡಿಯ ಮೇಲೇ ಇತ್ತು.

ಲೆಕ್ಕದಣ್ಣ ಆ ಪ್ರಯೋಗದ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತಲಿನ ಕಾಂಕ್ರೀಟು, ಪೈಪುಗಳು, ಆಳೆತ್ತರದ ಮ್ಯಾಗ್ನೆಟ್ಟು ಎಲ್ಲವನ್ನೂ ನೋಡಿ, ಆಮೇಲೆ ಮೀಟರನ್ನು ನೋಡಿದ. ಕಿಟಕಿಯ ಪಕ್ಕ ಕೂತು ಕಾಗದದ ಮೇಲೆ ಎಳೆದ ಗೆರೆಯೊಂದಕ್ಕೆ, ಇಲ್ಲಿ ಈ ಚಳಿಯಲ್ಲಿ, ಯಾರ ಮಾತನ್ನೂ ಕೇಳದ ವಸ್ತು ಹೌದು ಎಂದಿತ್ತು. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೆದರಿದವನ ಹಾಗೆ ಗೋಡೆಗೆ ಒರಗಿಕೊಂಡ. ಅವಳೂ ಅವನ ಪಕ್ಕ ಒರಗಿದಳು.

"ನಿಜವಾಗ್ಲೂ ಸುತ್ತುತಾ ಇವೆಯಲ್ಲೇ," ಎಂದ ಪಿಸುದನಿಯಲ್ಲಿ.

"ಹೂಂ ಅಣ್ಣ."

ಅಕ್ಕನಿಗೆ ಫೋನು ಮಾಡಿ ಹೇಳಿದಾಗ ಆ ಕಡೆ ಯಾರೋ ಗೇರು ಕಿರುಗುಟ್ಟಿಸುವ ಸದ್ದು ಕೇಳಿಸಿತು. "ಕ್ಲಚ್ ಒತ್ತಿ ಸ್ವಾಮಿ, ಕ್ಲಚ್ಚು! ... ಹಾಂ, ಹೇಳೇ. ಅಂದ್ರೆ ನಿನ್ನೆನೇ ಆ ಗೀಟು ಹಾಕಿಬಿಟ್ಟಿದ್ರೆ?"

"ಸರಿಯಾಗೇ ಇರ್ತಿತ್ತು."

"ಒಂದು ಅಡ್ಡಗೀಟಿಗೆ ಇಷ್ಟೆಲ್ಲಾನಾ?"

"ಹೌದು ಕಣೆ."

"ಸರಿ. ಗಾಡಿ ತಿರುಗಿಸ್ಕೊಂಡು ಅಲ್ಲಿಗೇ ಬರ್ತೀನಿ, ಇರು," ಎಂದಳು ಅಕ್ಕ.

ತಾತ ಬಟ್ಟಲಿನ ಹರಳುಗಳನ್ನು ಗಾಜಿನ ತಟ್ಟೆಗೆ ಸುರಿದು, ಹೊಗೆ ಎಳೆಯುವ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಚಳಿ ಬಿಟ್ಟ ಹಾಗೆ ನೇರಳೆ ಬಣ್ಣ ಮೊದಲು ಅಂಚಿನಲ್ಲಿ, ಆಮೇಲೆ ನಡುವೆ ಮಾಸಿತು. ಹರಳು ಕರಗಿ ದ್ರವವಾಯಿತು. ದ್ರವ ಕುದ್ದು ಆವಿಯಾಯಿತು. ಗಾಜು ಒಣಗುವವರೆಗೂ ತಾತನೂ ಅವಳೂ ನೋಡಿದರು.

ಹೋದದ್ದು ಇಷ್ಟು: ಎಂಟು ದಿನದ ಬೀಮು, ಒಂದು ದಿಕ್ಸೂಚಿ, ಹತ್ತು ಗ್ರಾಂ ಅಮೋನಿಯ, ಮತ್ತು ಅದರೊಳಗೆ ಮುಕ್ಕಾಲಿಗಿಂತ ಹೆಚ್ಚು ಪಾಲು ಒಂದೇ ಕಡೆ ತಿರುಗಿ ನಿಂತಿದ್ದ ಪ್ರೋಟಾನುಗಳು, ಒಂದರ ಮುಂದೆ ಇಪ್ಪತ್ತನಾಲ್ಕು ಸೊನ್ನೆ.